‘ಒನ್ ಆಫ್ ಮೈ ಫ್ರೆಂಡ್’ ಅಂದರೆ ತಪ್ಪೇನು?

ಪ್ರಶ್ನೆ: ‘ಒನ್ ಆಫ್ ಮೈ ಫ್ರೆಂಡ್’ ಸರಿಯೋ, ‘ಒನ್ ಆಫ್ ಮೈ ಫ್ರೆಂಡ್ಸ್’ ಸರಿಯೋ? ಒನ್ ಅಂದಮೇಲೆ ಒಬ್ಬನೇ ತಾನೆ, ಎಸ್ ಯಾಕೆ?

ಉತ್ತರ: ‘ಫ್ರೆಂಡ್ಸ್’. ಎಸ್ ಬೇಕೇ ಬೇಕು. ‘ಒನ್ ಆಫ್ ದ ಬೆಸ್ಟ್ ಟೀಚರ್ಸ್’, ‘ಒನ್ ಆಫ್ ದ ಟಾಲೆಸ್ಟ್ ಬಾಯ್ಸ್’, ಎಲ್ಲ ಕಡೆಯೂ ಹಾಗೆಯೇ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮರಳಿ ಬರುತ್ತಲೇ ಇದೆ. ಉತ್ತರ ಕಷ್ಟವೆಂದಲ್ಲ, ‘ಒನ್ ಅಂದಮೇಲೆ ಒಬ್ಬನೇ’ ಎಂಬ ನಂಬಿಕೆ ಅಷ್ಟು ಆಳಕ್ಕೆ ಬೇರು ಬಿಟ್ಟಿದೆ. ಈ ಸಲ ಅದನ್ನೇ ಕೀಳೋಣ.

ಒಬ್ಬನೇ, ಒಪ್ಪಿದೆ. ಆದರೆ ಆ ಒಬ್ಬನನ್ನು ಎಲ್ಲಿಂದ ಆರಿಸಿದಿರಿ? ‘ಒನ್’ ಎಂಬುದು ಆರಿಸಿಕೊಂಡವನು. ‘ಆಫ್’ ಆದಮೇಲೆ ಬರುವುದು ಗುಂಪು. ಗುಂಪಿನಲ್ಲಿರುವುದೇ ಒಬ್ಬನಾದರೆ ಆರಿಸುವ ಮಾತೆಲ್ಲಿ? ಕನ್ನಡದಲ್ಲೇ ಹೇಳಿ ನೋಡಿ: ‘ನನ್ನ ಗೆಳೆಯರಲ್ಲಿ ಒಬ್ಬ’. ‘ನನ್ನ ಗೆಳೆಯನಲ್ಲಿ ಒಬ್ಬ’ ಎಂದು ಚಿಕ್ಕ ಮಗುವೂ ಹೇಳುವುದಿಲ್ಲ. ‘ಗೆಳೆಯರಲ್ಲಿ’, ‘ಬೆಟ್ಟಗಳಲ್ಲಿ’ ಎನ್ನುವಾಗ ‘ಅರು’, ‘ಗಳು’ ಮಾಡುವ ಕೆಲಸವನ್ನೇ ಇಂಗ್ಲಿಷಿನ ಎಸ್ ಮಾಡುತ್ತಿದೆ.

ಹಾಗಿದ್ದೂ ನಾಲಿಗೆ ಯಾಕೆ ಜಾರುತ್ತದೆ? ದಿನದ ಮಾತಿನಲ್ಲಿ ನಾವು ‘ಗೆಳೆಯರಲ್ಲಿ ಒಬ್ಬ’ ಎನ್ನುವುದು ಕಡಿಮೆ. ‘ನನ್ನ ಫ್ರೆಂಡ್ ಒಬ್ಬ ಇದ್ದಾನೆ’ ಎನ್ನುತ್ತೇವೆ. ಅಲ್ಲಿ ಫ್ರೆಂಡ್ ಏಕವಚನ. ತಲೆಯಲ್ಲಿ ಆ ವಾಕ್ಯ, ಬಾಯಲ್ಲಿ ‘ಒನ್ ಆಫ್’. ಎರಡೂ ಬೆರೆತು ತಪ್ಪು ಹುಟ್ಟುತ್ತದೆ. ‘ನನ್ನ ಫ್ರೆಂಡ್ ಒಬ್ಬ’ ಎನ್ನಲು ಇಂಗ್ಲಿಷಿನಲ್ಲಿ ಬೇರೆಯೇ ರೂಪವಿದೆ: ‘ಎ ಫ್ರೆಂಡ್ ಆಫ್ ಮೈನ್’. ಎಸ್ ಇಲ್ಲದೆ ಹೇಳಬೇಕೆಂದರೆ ಅದನ್ನೇ ಬಳಸಿ. ಇದರ ಜೊತೆಗೆ, ‘ಹತ್ತು ಮರ’, ‘ಐದು ಪುಸ್ತಕ’ ಎಂದರೆ ಕನ್ನಡಕ್ಕೆ ಸಾಕು, ‘ಗಳು’ ಬೇಡ. ಆ ರೂಢಿಯೂ ಎಸ್ ನುಂಗಿಹಾಕುತ್ತದೆ.

ಪಕ್ಕದ ಸಂಖ್ಯೆ ನೋಡಿ ವಚನ ನಿರ್ಧರಿಸುವವರು ಈ ಎರಡನ್ನು ಗಮನಿಸಬೇಕು. ‘ಒನ್ ಅಂಡ್ ಎ ಹಾಫ್ ಅವರ್ಸ್’: ಎರಡು ಗಂಟೆ ಇನ್ನೂ ಆಗಿಲ್ಲ, ಎಸ್ ಬಂದಾಗಿದೆ. ‘ಮೋರ್ ದ್ಯಾನ್ ಒನ್ ಬಾಯ್ ವಾಸ್ ಆಬ್ಸೆಂಟ್’: ಬಾರದವರು ಇಬ್ಬರಾದರೂ ಇದ್ದಾರೆ, ಆದರೂ ‘ಬಾಯ್’, ಆದರೂ ‘ವಾಸ್’.

‘ಬೆಸ್ಟ್ ಅಂದರೆ ಒಬ್ಬನೇ ಇರಬೇಕಲ್ಲ’ ಎಂಬ ವಾದವೂ ನಿಲ್ಲುವುದಿಲ್ಲ. ‘ದ ಟೆನ್ ಬೆಸ್ಟ್ ಪ್ಲೇಯರ್ಸ್’ ಎನ್ನುವುದಿಲ್ಲವೇ? ಮೇಲ್ಮಟ್ಟದಲ್ಲಿ ಹಲವರಿರಬಹುದು.

ಎಸ್ ಕಲಿತವರು ಮುಂದೆ ಎಡವುವುದು ಕ್ರಿಯಾಪದದಲ್ಲಿ. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಡಾಕ್ಟರ್’, ‘ಆರ್’ ಅಲ್ಲ. ಡಾಕ್ಟರ್ ಆಗಿರುವುದು ಆರಿಸಿದ ಒಬ್ಬನೇ. ‘ಒನ್’ಗೆ ಸಲ್ಲಬೇಕಾದ ಏಕವಚನ ಇಲ್ಲಿದೆ. ಇನ್ನು ‘ಒನ್ ಆಫ್ ದ ಚಿಲ್ಡ್ರನ್’, ‘ಒನ್ ಆಫ್ ಮೈ ಸಿಸ್ಟರ್ಸ್ ಇನ್ ಲಾ’ ಎನ್ನಬೇಕು. ಎಸ್ ‘ಲಾ’ಗೆ ಹತ್ತುವುದಿಲ್ಲ. ಫರ್ನಿಚರ್, ಅಡ್ವೈಸ್ ಎಣಿಕೆಗೆ ಸಿಗದ ಪದಗಳು, ಎಸ್ ಅಂಟದು. ‘ಒನ್ ಆಫ್ ದ ಬೆಸ್ಟ್ ಪೀಸಸ್ ಆಫ್ ಅಡ್ವೈಸ್’ ಎಂದೇ ಸುತ್ತಿ ಹೇಳಬೇಕು.

ಪರೀಕ್ಷೆಯಲ್ಲಿ ಡಿಗ್ರಿ, ಅಂದರೆ ವಿಶೇಷಣದ ಹೋಲಿಕೆಯ ಮಟ್ಟ, ಬದಲಿಸುವಾಗ ಅಂಕ ಹೋಗುವುದೂ ಇಲ್ಲಿಯೇ. ಜೋಗ ತೆಗೆದುಕೊಳ್ಳಿ, ಎತ್ತರ 253 ಮೀಟರ್. ‘ಜೋಗ್ ಈಸ್ ಒನ್ ಆಫ್ ದ ಹೈಯೆಸ್ಟ್ ವಾಟರ್‌ಫಾಲ್ಸ್ ಇನ್ ಇಂಡಿಯಾ.’ ಕಂಪ್ಯಾರಟಿವ್‌ಗೆ ತಿರುಗಿಸಿದರೆ ‘ಹೈಯರ್ ದ್ಯಾನ್ ಮೋಸ್ಟ್ ಅದರ್ ವಾಟರ್‌ಫಾಲ್ಸ್’. ಪಾಸಿಟಿವ್‌ಗೆ ‘ವೆರಿ ಫ್ಯೂ ವಾಟರ್‌ಫಾಲ್ಸ್ ಇನ್ ಇಂಡಿಯಾ ಆರ್ ಆ್ಯಸ್ ಹೈ ಆ್ಯಸ್ ಜೋಗ್’. ಗುಂಪಿನ ಮಾತಾದ್ದರಿಂದ ಮೂರರಲ್ಲೂ ಬಹುವಚನ.

ಮುಳ್ಳಯ್ಯನಗಿರಿಯ ಮಾತು ಬೇರೆ. ಅದು ಕರ್ನಾಟಕದ ಅತಿ ಎತ್ತರದ ಶಿಖರ, ಅದಕ್ಕೆ ಸರಿಸಾಟಿ ಇನ್ನೊಂದಿಲ್ಲ. ಆದ್ದರಿಂದ ‘ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’, ‘ಹೈಯರ್ ದ್ಯಾನ್ ಎನಿ ಅದರ್ ಪೀಕ್’, ‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ’. ಮೂರರಲ್ಲೂ ಏಕವಚನ. ‘ಅದರ್’ ಬಿಟ್ಟು ‘ಎನಿ ಪೀಕ್ ಇನ್ ಕರ್ನಾಟಕ’ ಎಂದು ಬರೆದರೆ ಆ ‘ಎನಿ’ಯೊಳಗೆ ಮುಳ್ಳಯ್ಯನಗಿರಿಯೂ ಸೇರುತ್ತದೆ, ತನಗಿಂತ ತಾನೇ ಎತ್ತರ ಎಂದಾಗುತ್ತದೆ. ‘ಒನ್ ಆಫ್’ ಇದ್ದರೆ ಜೋಗದ ದಾರಿ, ಇಲ್ಲದಿದ್ದರೆ ಮುಳ್ಳಯ್ಯನಗಿರಿಯ ದಾರಿ. ಇಷ್ಟು ನೋಡಿಕೊಂಡರೆ ಅಂಕ ಕೈತಪ್ಪುವುದಿಲ್ಲ.

ಯಾರೂ ಕೇಳದಿದ್ದರೂ ಇದೇ ಸಂಬಂಧದ ಒಂದು ಮಾತು ಹೇಳಲೇಬೇಕು. ಬೆಲೆ ‘ಟೆನ್ ರುಪೀಸ್’, ಆದರೆ ನೋಟು ‘ಎ ಟೆನ್ ರುಪೀ ನೋಟ್’. ‘ದ ಬಾಯ್ ಈಸ್ ಫೈವ್ ಇಯರ್ಸ್ ಓಲ್ಡ್’, ಆದರೆ ‘ಎ ಫೈವ್ ಇಯರ್ ಓಲ್ಡ್ ಬಾಯ್’. ಹತ್ತು, ಐದು ಕಣ್ಣೆದುರೇ ಇದ್ದರೂ ಎಸ್ ಮಾಯ. ನಾಮಪದದ ಮುಂದೆ ಕೂತು ವಿಶೇಷಣವಾದ ಕೂಡಲೇ ಆ ಪದಗುಚ್ಛ ಎಸ್ ಕಳಚಿಡುತ್ತದೆ, ‘ಟಾಲ್ ಬಾಯ್ಸ್’ನಲ್ಲಿ ‘ಟಾಲ್’ಗೆ ಎಸ್ ಇಲ್ಲದ ಹಾಗೆ. ಬರೆಯುವಾಗ ಆ ಪದಗಳ ನಡುವೆ ಅಡ್ಡಗೆರೆ ಹಾಕಿ. ಅವೆಲ್ಲ ಸೇರಿ ಒಂದೇ ವಿಶೇಷಣ ಎಂಬುದಕ್ಕೆ ಅದೇ ಗುರುತು.