ಊಸರವಳ್ಳಿ ಬಾಯಿ ತೆರೆದರೆ ಮೊದಲು ಅದು ಕೂತ ಜಾಗ ನೋಡಿ

"ಡಾಕ್ಟ್ರೇ, ಬಾಯಿ ಬಿಟ್ಕೊಂಡೇ ಕೂತಿರುತ್ತೆ. ಚಳಿ ಇರ್ಬೇಕು ಅಂತ ದೊಡ್ಡ ಬಲ್ಬ್ ಹಾಕ್ದೆ."

ಊಸರವಳ್ಳಿ ಸಾಕುವವರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೆ ಬಲ್ಬಿನ ಕೆಳಗೆ ಕೂತು ಬಾಯಿ ತೆರೆದಿದ್ದರೆ ಹೆಚ್ಚಾಗಿ ಅದಕ್ಕೆ ಸೆಕೆ ತಡೆಯಲಾಗುತ್ತಿಲ್ಲ ಎಂದರ್ಥ. ಬಲ್ಬಿನಿಂದ ದೂರ, ತಂಪಾದ ಕೊಂಬೆಯಲ್ಲಿ, ಅದರಲ್ಲೂ ಬೆಳಗ್ಗೆ ದೀಪ ಹಾಕುವ ಮೊದಲೇ ಕತ್ತು ಮೇಲೆತ್ತಿ ಬಾಯಿ ತೆರೆದಿದ್ದರೆ ಅದು ಉಸಿರಾಟದ ತೊಂದರೆ. ಎರಡೂ ನೋಡಲು ಒಂದೇ ಥರ, ಅಲ್ವಾ? ಅದಕ್ಕೇ ಎಲ್ಲಿ, ಯಾವಾಗ ಅಂತ ನೋಡಿ ಎನ್ನುವುದು.

ಯೆಮನ್ ಮೂಲದ ವೇಲ್ಡ್ ಊಸರವಳ್ಳಿ ದೊಡ್ಡದಾದ ಮೇಲೆ ಬಿಸಿಲು ಕಾಯುವ ಕೊಂಬೆಯಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಸಾಕು. ಗೂಡಿನ ಉಳಿದ ಭಾಗ 22–26ರಲ್ಲಿರಲಿ. ಬೆಟ್ಟದ ತಂಪಿನಿಂದ ಬಂದ ಜಾಕ್ಸನ್ ಜಾತಿಗೆ ಇದಕ್ಕಿಂತ ಕಡಿಮೆ ಬೇಕು. ಮರಿಗಳಿಗೂ ಕಡಿಮೆಯೇ ಸಾಕು. ಗೋಡೆಗೆ ಅಂಟಿಸುವ ಮುಳ್ಳಿನ ಮೀಟರನ್ನು ನಂಬಬೇಡಿ, ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಆ ತುದಿಯನ್ನು ಪ್ರಾಣಿಯ ಬೆನ್ನು ಬರುವಷ್ಟು ಎತ್ತರಕ್ಕೆ ಕಟ್ಟಿ ಅಳೆಯಿರಿ, ಯಾಕೆಂದರೆ ಕೊಂಬೆಗಿಂತ ಬೆನ್ನು ಬಲ್ಬಿಗೆ ಹತ್ತಿರ. ಸುಟ್ಟ ಬೆನ್ನು, ಸುಟ್ಟ ನೆತ್ತಿ ಎಷ್ಟೋ ನೋಡಿದ್ದೇನೆ.

ರಾತ್ರಿಯ ವಿಷಯಕ್ಕೆ ಬರೋಣ, ಜನ ಎಡವುವುದು ಇಲ್ಲೇ. ಒಬ್ಬರು ಗಾಜಿನ ಗೂಡಿನಲ್ಲಿ ರಾತ್ರಿಯಿಡೀ ಹೀಟರ್ ಇಟ್ಟು, ಜೊತೆಗೆ ಮಂಜು ಬಿಡುವ ಯಂತ್ರ ಫಾಗರನ್ನೂ ಓಡಿಸುತ್ತಿದ್ದರು. ಬಿಸಿ, ತೇವ, ಅಲುಗಾಡದ ಗಾಳಿ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಆ ಪ್ರಾಣಿ ನನ್ನ ಬಳಿ ಬಂದಾಗ ಮೂಗಿನಲ್ಲಿ ಗುಳ್ಳೆ, ಉಸಿರೆಳೆದರೆ ಚಟಪಟ ಸದ್ದು. ವೇಲ್ಡ್ ಜಾತಿಗೆ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿದರೂ ಏನೂ ಆಗದು, ಆ ತಂಪು ಅದಕ್ಕೆ ಒಳ್ಳೆಯದೇ. ಮಂಜು ಬಿಡುವುದಿದ್ದರೆ ಆ ತಂಪಿನಲ್ಲೇ ಬಿಡಿ. ಹಗಲು ಎಲೆಗಳು ಒಣಗಲಿ, ಗಾಳಿ ಆಡಲಿ. ನನ್ನ ಮಟ್ಟಿಗೆ ಜಾಲರಿಯ ಗೂಡೇ ಮೇಲು. ಗಾಜಿನದೇ ಇದ್ದರೆ ಕೆಳಗೂ ಮೇಲೂ ಗಾಳಿಗೆ ದಾರಿ ಇರಬೇಕು.

ಇಷ್ಟು ಹೇಳಲು ಕಾರಣವಿದೆ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ಇರುವ ಸ್ನಾಯುವಿನ ಪರದೆ ಊಸರವಳ್ಳಿಗಿಲ್ಲ. ನಮ್ಮಂತೆ ಜೋರಾಗಿ ಕೆಮ್ಮಿ ಕಫ ಹೊರಹಾಕಲು ಅದಕ್ಕೆ ಆಗುವುದಿಲ್ಲ. ಕೀವು ಕೂಡ ಗಟ್ಟಿ, ಗಿಣ್ಣಿನ ಹಾಗೆ. ಶ್ವಾಸಕೋಶದಲ್ಲಿ ಕೂತರೆ ಅಲ್ಲೇ ಉಳಿದುಬಿಡುತ್ತದೆ. ಜೊತೆಗೆ ಇದು ರೋಗವನ್ನು ಮುಚ್ಚಿಡುವ ಪ್ರಾಣಿ. ಹಗಲಲ್ಲೇ ಕಣ್ಣು ಮುಚ್ಚಿತು, ಊಟ ಬಿಟ್ಟಿತು ಅಂದರೆ ರೋಗ ಆಗಲೇ ಮುಂದುವರಿದಿರುತ್ತದೆ. ಚಿಕಿತ್ಸೆಯೂ ವಾರಗಟ್ಟಲೆ: ಎಕ್ಸ್‌ರೇ, ಕಫದ ಪರೀಕ್ಷೆ, ಇಂಜೆಕ್ಷನ್. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರ ಕೊಡಬೇಡಿ.

ಅಂದ ಹಾಗೆ, ಮೂಗಿನ ಸುತ್ತ ಒಣ ಬಿಳಿ ಪುಡಿ ಕಂಡರೆ ಗಾಬರಿಯಾಗಬೇಡಿ. ಅದು ಸಾಮಾನ್ಯವಾಗಿ ದೇಹ ಹೊರಹಾಕುವ ಉಪ್ಪು. ಅಂಟಾದ ಲೋಳೆಯಾದರೆ ಮಾತು ಬೇರೆ.

ಸಿರಿಂಜಿನಲ್ಲಿ ಬಾಯಿಗೆ ಜೋರಾಗಿ ನೀರು ಬಿಡಬೇಡಿ, ಅದು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಅನುಮಾನ ಬಂದ ದಿನವೇ ಸರೀಸೃಪಗಳನ್ನು ನೋಡುವ ವೈದ್ಯರ ಬಳಿ ಹೋಗಿ. ಉಸಿರಾಡುವುದನ್ನು ಮನೆಯಲ್ಲೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಆಸ್ಪತ್ರೆಯಲ್ಲಿ ಹೆದರಿ ಅದು ಬೇರೆ ಥರ ಉಸಿರಾಡುತ್ತದೆ. ಗೂಡಿನ ಫೋಟೋ ಮತ್ತು ಹಗಲು ರಾತ್ರಿಯ ಡಿಗ್ರಿ ಬರೆದ ಚೀಟಿ ಜೊತೆಗಿರಲಿ. ನಾನು ಮೊದಲು ಕೇಳುವುದೇ ಆ ಚೀಟಿ.