ಟ್ರೈಔಟ್ ದಿನ ಚೆನ್ನಾಗಿ ಓಡಿದರೆ ಟೀಮಿಗೆ ತಗೋತಾರಾ?

ಪ್ರಶ್ನೆ: ಮಗ ಈ ಆಗಸ್ಟಿಗೆ ದೊಡ್ಡ ಸ್ಟೇಟ್ ಯೂನಿವರ್ಸಿಟಿ ಸೇರುತ್ತಿದ್ದಾನೆ. ಹೈಸ್ಕೂಲಿನಲ್ಲಿ ಮೂರು ವರ್ಷ ಅಮೆರಿಕನ್ ಫುಟ್‌ಬಾಲ್ ಆಡಿದ್ದಾನೆ, ಆದರೆ ಯಾವ ಕಾಲೇಜೂ ಸ್ಕಾಲರ್‌ಶಿಪ್ ಕೊಡಲಿಲ್ಲ. ವಾಕ್-ಆನ್ ಟ್ರೈಔಟ್‌ನಲ್ಲಿ (ಸ್ಕಾಲರ್‌ಶಿಪ್ ಇಲ್ಲದವರ ಆಯ್ಕೆ ಪರೀಕ್ಷೆ) ಚೆನ್ನಾಗಿ ಮಾಡಿದರೆ ಟೀಮಿಗೆ ತಗೋತಾರಾ ಸರ್? ಆಮೇಲೆ ಫೀಸೂ ಮಾಫಿ ಆಗುತ್ತಂತೆ, ಹೌದಾ?

ಉತ್ತರ: ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಿಂದ ಪ್ರತಿ ವರ್ಷ ಕಾಲೇಜು ಅಡ್ಮಿಷನ್ ಮುಗಿಯುತ್ತಿದ್ದಂತೆ ಇದೇ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಚಿಕ್ಕ ಉತ್ತರ. ಟ್ರೈಔಟ್‌ಗೆ ಹೋಗಬಹುದು, ತಪ್ಪೇನಿಲ್ಲ. ಫೀಸು ಮಾಫಿ ಆಗುವುದಿಲ್ಲ. ವಾಕ್-ಆನ್ ಅಂದರೆ ಫೀಸು, ರೂಮು, ಪುಸ್ತಕ ಎಲ್ಲವನ್ನೂ ಮನೆಯಿಂದ ಕಟ್ಟಿಕೊಂಡು ತಂಡದಲ್ಲಿರುವವನು. ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ 1ರಲ್ಲಿ 2014ರಿಂದ ಅವರಿಗೂ ತಂಡದ ಊಟ ಸಿಗುತ್ತಿದೆ, ಅಷ್ಟೆ. ಸ್ಕಾಲರ್‌ಶಿಪ್ ಮುಂದೆ ಯಾವಾಗಲೋ ಕೋಚ್ ಮನಸ್ಸು ಮಾಡಿದರೆ ಬಂತು, ಇಲ್ಲದಿದ್ದರೆ ಇಲ್ಲ.

ಈಗ ದೊಡ್ಡ ಉತ್ತರಕ್ಕೆ ಬರೋಣ. ವಾಕ್-ಆನ್‌ಗಳಲ್ಲಿ ಎರಡು ಬಗೆ. ಒಂದು, ಪ್ರಿಫರ್ಡ್ ವಾಕ್-ಆನ್: ಹುಡುಗ ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ಕೋಚ್ ಅವನ ವಿಡಿಯೋ ನೋಡಿ, ಫೋನ್ ಮಾಡಿ, 'ದುಡ್ಡಿಲ್ಲ, ಜಾಗ ಇದೆ, ಬಾ' ಎಂದು ಕರೆದಿರುತ್ತಾನೆ. ಎರಡು, ಕಾಲೇಜು ಸೇರಿದ ಮೇಲೆ ನೋಟಿಸ್ ನೋಡಿಕೊಂಡು ಓಪನ್ ಟ್ರೈಔಟ್‌ಗೆ ಹೋಗುವವನು. ನಮ್ಮ ಕೂಟಗಳಲ್ಲಿ ಬಾಯಿಂದ ಬಾಯಿಗೆ ಹೋಗುವುದು ಎರಡನೆಯವನ ಕಥೆ. ತಂಡದ ಪಟ್ಟಿಯಲ್ಲಿ ಇರುವ ವಾಕ್-ಆನ್‌ಗಳಲ್ಲಿ ಹೆಚ್ಚಿನವರು ಮೊದಲನೆಯ ದಾರಿಯಿಂದ ಬಂದವರು.

'ಹಾಗಾದರೆ ಬೇಕರ್ ಮೇಫೀಲ್ಡ್?' ಎಂದು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಯಾರೂ ಕಂಡಿರದ ಹುಡುಗ ಒಂದು ಬೆಳಗ್ಗೆ ಮೈದಾನಕ್ಕಿಳಿದ, ಕೋಚ್ ಬೆರಗಾದ, ಜರ್ಸಿ ಕೊಟ್ಟ. ಈ ಕಥೆಯನ್ನು ದಯವಿಟ್ಟು ಬಿಟ್ಟುಬಿಡಿ. ಮೇಫೀಲ್ಡ್ ಟೆಕ್ಸಸ್‌ನ ಲೇಕ್ ಟ್ರಾವಿಸ್ ಹೈಸ್ಕೂಲಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಆಗಿ 2011ರಲ್ಲಿ ರಾಜ್ಯ ಚಾಂಪಿಯನ್‌ಶಿಪ್ ಗೆದ್ದಿದ್ದವನು. 2013ರಲ್ಲಿ ಟೆಕ್ಸಸ್ ಟೆಕ್‌ಗೆ ವಾಕ್-ಆನ್ ಆಗಿ ಹೋಗಿ ಮೊದಲ ಪಂದ್ಯದಲ್ಲೇ ಆರಂಭಿಕ ಹನ್ನೊಂದರಲ್ಲಿ ಆಡಿದ. ಆಮೇಲೆ ಓಕ್ಲಹೋಮಕ್ಕೂ ವಾಕ್-ಆನ್ ಆಗಿಯೇ ಹೋಗಿ, 2017ರಲ್ಲಿ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಯಾರೆಂದು ಗೊತ್ತಿಲ್ಲದ ಕೋಚ್ ಆ ರಾಜ್ಯದಲ್ಲಿ ಇರಲಿಲ್ಲ.

ಮುಂದೆ ವೃತ್ತಿಪರ ಆಟದಲ್ಲಿ ದೊಡ್ಡ ತಾರೆಯಾದ ಜೆ.ಜೆ. ವಾಟ್ ಹೆಸರನ್ನೂ ಎತ್ತುತ್ತಾರೆ. ಅವನು ಸೆಂಟ್ರಲ್ ಮಿಷಿಗನ್‌ನಲ್ಲಿ ಸ್ಕಾಲರ್‌ಶಿಪ್ ಮೇಲೆ ಆಡುತ್ತಿದ್ದು, ಅದನ್ನು ಬಿಟ್ಟು ವಿಸ್ಕಾನ್ಸಿನ್‌ಗೆ ವಾಕ್-ಆನ್ ಆಗಿ ಬಂದವನು. ಸ್ಟೆಟ್ಸನ್ ಬೆನೆಟ್ 2017ರಲ್ಲಿ ಜಾರ್ಜಿಯಾಗೆ ವಾಕ್-ಆನ್ ಆಗಿ ಬಂದು, ಅಲ್ಲಿ ಅವಕಾಶ ಕಾಣದೆ ಮಿಸಿಸಿಪ್ಪಿಯ ಒಂದು ಜೂನಿಯರ್ ಕಾಲೇಜಿಗೆ ಹೋಗಿ ಆಡಿ, ಸ್ಕಾಲರ್‌ಶಿಪ್ ಪಡೆದು ಹಿಂತಿರುಗಿದ. ಆಮೇಲೆ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ. ನನಗೆ ಎಲ್ಲರಿಗಿಂತ ಹತ್ತಿರದವನು ಬ್ರಾಂಡನ್ ಬರ್ಲ್ಸ್‌ವರ್ತ್. 1994ರಲ್ಲಿ ಅರ್ಕನ್ಸಾಗೆ ವಾಕ್-ಆನ್ ಆಗಿ ಬಂದ ಲೈನ್‌ಮನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವನು. ಮೊದಲ ವರ್ಷ ಬರೀ ಅಭ್ಯಾಸ, ಆಮೇಲೆ ಮೂರು ವರ್ಷ ಆರಂಭಿಕ, ಕೊನೆಗೆ ಆಲ್-ಅಮೆರಿಕನ್ (ದೇಶದ ಶ್ರೇಷ್ಠ ಕಾಲೇಜು ಆಟಗಾರರಲ್ಲಿ ಒಬ್ಬ). 1999ರಲ್ಲಿ ವೃತ್ತಿಪರ ತಂಡ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಹೊಸ ಆಟಗಾರರ ಆಯ್ಕೆಯಲ್ಲಿ (ಡ್ರಾಫ್ಟ್) ಅವನನ್ನು ಮೂರನೆಯ ಸುತ್ತಿನಲ್ಲಿ ಆರಿಸಿತು. ಕೆಲವೇ ದಿನಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ವಾಕ್-ಆನ್ ಆಗಿ ಶುರುಮಾಡಿದ ಶ್ರೇಷ್ಠ ಆಟಗಾರನಿಗೆ 2010ರಿಂದ ಕೊಡುತ್ತಿರುವ ಟ್ರೋಫಿ ಅವನ ಹೆಸರಿನದು. ಇವರಲ್ಲಿ ಯಾರ ಬದುಕೂ ಒಂದು ಟ್ರೈಔಟ್ ಬೆಳಗಿನಲ್ಲಿ ತೀರ್ಮಾನವಾದದ್ದಲ್ಲ.

ಆ ಬೆಳಗ್ಗೆ ನಿಜಕ್ಕೂ ಏನಾಗುತ್ತದೆ? ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ, ಟಿ-ಶರ್ಟು ಚಡ್ಡಿ. 40 ಯಾರ್ಡ್ ಓಟ, ಮಧ್ಯದಿಂದ ಹೊರಟು ಎಡಕ್ಕೆ 5, ಬಲಕ್ಕೆ 10, ಮತ್ತೆ 5 ಯಾರ್ಡ್ ಓಡುವ ಶಟಲ್, ನಿಂತಲ್ಲಿಂದ ಮೇಲಕ್ಕೆ ಜಿಗಿತ, ಕೊನೆಗೆ ಅವರವರ ಸ್ಥಾನಕ್ಕೆ ತಕ್ಕ ಒಂದೆರಡು ಡ್ರಿಲ್. ಪ್ಯಾಡ್ ಇಲ್ಲದೆ ಟ್ಯಾಕಲ್ ಮಾಡುವುದನ್ನು (ಚೆಂಡು ಹಿಡಿದವನನ್ನು ಕೆಡವುವುದು) ನೋಡಲಾಗದು, ಬ್ಲಾಕ್ ಮಾಡುವುದನ್ನೂ (ಎದುರಾಳಿಗೆ ಅಡ್ಡ ನಿಂತು ತಡೆಯುವುದು) ನೋಡಲಾಗದು. ಅಂದಮೇಲೆ ನಿಮ್ಮ ಮಗ ಫುಟ್‌ಬಾಲ್ ಹೇಗೆ ಆಡುತ್ತಾನೆ ಎಂಬುದು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟು ವೇಗ, ಎಷ್ಟು ಎತ್ತರ, ಎಷ್ಟು ತೂಕ ಅನ್ನುವುದಷ್ಟೇ ಗೊತ್ತಾಗುತ್ತದೆ. ನಮ್ಮ ಸಿಇಟಿ ಮಾಪ್-ಅಪ್ ರೌಂಡ್ ಇದ್ದ ಹಾಗೆ: ಸೀಟು ಹಂಚಿಕೆ ಮುಗಿದಿದೆ, ಉಳಿದ ಒಂದೆರಡು ಖಾಲಿ ಜಾಗಕ್ಕೆ ನೂಕುನುಗ್ಗಲು. ಕೆಲವು ಸಲ ಒಬ್ಬನನ್ನೂ ತೆಗೆದುಕೊಳ್ಳದೆ ಕಳಿಸುತ್ತಾರೆ.

ಖಾಲಿ ಜಾಗವೂ ಈಗ ಕಡಿಮೆಯಾಗಿದೆ. ಮೊದಲು ಮೇಲ್ಮಟ್ಟದ ತಂಡಗಳಿಗೆ 85 ಸ್ಕಾಲರ್‌ಶಿಪ್ ಎಂಬ ಮಿತಿಯಿತ್ತು, ಅದರ ಮೇಲೆ ವಾಕ್-ಆನ್‌ಗಳನ್ನು ಸೇರಿಸಿಕೊಂಡು 120 ದಾಟುವ ತಂಡಗಳು ಸಾಮಾನ್ಯವಾಗಿದ್ದವು. 2025ರ ಜೂನ್‌ನಲ್ಲಿ, ಕಾಲೇಜು ಆಟಗಾರರಿಗೆ ಹಣ ಕೊಡುವ ಕುರಿತ ಹೌಸ್ ಪ್ರಕರಣದ ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟ ಮೇಲೆ, ಅದಕ್ಕೆ ಸೇರಿಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯಿತು. ಬದಲಿಗೆ ಇಡೀ ತಂಡಕ್ಕೇ 105ರ ಮಿತಿ ಬಂತು. ವಾಕ್-ಆನ್ ಕೂಡ ಆ 105ರಲ್ಲೇ ಲೆಕ್ಕ. ಹುಡುಗರನ್ನು ಸಾಲುಸಾಲಾಗಿ ಬಿಡಬೇಕಾಗಿ ಬಂದದ್ದು ನೋಡಿ ನನಗೆ ತುಂಬಾ ನೋವಾಯಿತು. ಆಗಲೇ ತಂಡದಲ್ಲಿದ್ದವರಿಗೆ ವಿನಾಯಿತಿ ಕೊಟ್ಟರು, ಸರಿ. ಈಗ ಬರುವವರಿಗೆ ಅದು ಇಲ್ಲ.

ಇಷ್ಟಾದರೂ ಹೋಗುತ್ತೇನೆಂದರೆ ಕಾಗದಪತ್ರ ಮೊದಲು. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ಎಲಿಜಿಬಿಲಿಟಿ ಸೆಂಟರ್‌ನಲ್ಲಿ (ಅರ್ಹತೆ ನೋಡುವ ಕಚೇರಿ) ನೋಂದಣಿ, ಹೈಸ್ಕೂಲಿನ 16 ಕೋರ್ ಕೋರ್ಸ್‌ಗಳಲ್ಲಿ ಕನಿಷ್ಠ 2.3 ಜಿಪಿಎ, ಪೂರ್ಣಾವಧಿ ವಿದ್ಯಾರ್ಥಿಯಾಗಿ ದಾಖಲಾತಿ, ವೈದ್ಯರ ಪರೀಕ್ಷೆ, ಸಿಕಲ್ ಸೆಲ್ ಎಂಬ ರಕ್ತದ ದೋಷಕ್ಕೆ ಟೆಸ್ಟ್. ನಿಯಮ ಪಾಲನೆ ನೋಡುವ ಕಾಲೇಜಿನ ಕಂಪ್ಲಯನ್ಸ್ ಆಫೀಸು ಒಪ್ಪದೆ ಗೆರೆ ದಾಟಲು ಬಿಡುವುದಿಲ್ಲ. ಟ್ರೈಔಟ್‌ಗೆ ಕಾಯುವುದಕ್ಕಿಂತ ಈಗಲೇ ಮೂರು ನಿಮಿಷದ ವಿಡಿಯೋ ಮಾಡಿ, ಒಳ್ಳೆಯ ಆಟಗಳನ್ನು ಮೊದಲಿಗೇ ಇಟ್ಟು, ಅವನ ಸ್ಥಾನದ ಕೋಚ್‌ಗೆ ಮಗನೇ ಬರೆಯಲಿ. ಅಪ್ಪ ಬರೆಯುವುದು ಬೇಡ.

ಬೆಂಗಳೂರಿನಿಂದ ಎಂಎಸ್‌ಗೆ ಬಂದವರೂ ಇದನ್ನೇ ಕೇಳುತ್ತಾರೆ. ಡಿವಿಷನ್ 1ರಲ್ಲಿ ಆಡಲು ಇರುವ ಐದು ವರ್ಷದ ಗಡಿಯಾರ ಜಗತ್ತಿನ ಯಾವುದೇ ಕಾಲೇಜಿಗೆ ಪೂರ್ಣಾವಧಿ ಸೇರಿದ ದಿನದಿಂದ ಓಡುತ್ತದೆ. ಅಲ್ಲಿ ಬಿಇ ಮಾಡಿದ ನಾಲ್ಕು ವರ್ಷ ಅದರಲ್ಲೇ ಕಳೆದಿರುತ್ತದೆ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನನ್ನ ಮನಸ್ಸಿಗೆ ಬಹಳ ಹಿಡಿಸಿದ ಕೆಲಸ ಇದು: ಲಾಂಗ್ ಸ್ನ್ಯಾಪರ್. ಬಗ್ಗಿ ನಿಂತು, ಎರಡು ಕಾಲುಗಳ ಮಧ್ಯದಿಂದ ಚೆಂಡನ್ನು ಹಿಂದಕ್ಕೆ ಎಸೆಯುವವನು. ಪಂಟ್‌ಗೆ (ಚೆಂಡನ್ನು ಕೈಯಿಂದ ಬಿಟ್ಟು ದೂರ ಒದೆಯುವುದು) ಸುಮಾರು 15 ಯಾರ್ಡ್ ದೂರ, ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಒದೆಯುವ ಪಂಟರ್‌ನ ಕೈಗೆ ಹೋಗಿ ಬೀಳಬೇಕು. ಗೋಲ್ ಕಂಬಗಳ ಮಧ್ಯೆ ಒದೆಯುವ ಫೀಲ್ಡ್ ಗೋಲ್‌ಗೆ ದೂರ ಅರ್ಧ, ನಾಜೂಕು ಎರಡರಷ್ಟು: ಚೆಂಡನ್ನು ನೆಲಕ್ಕೆ ಊರಿ ಕೊಡುವ ಹೋಲ್ಡರ್ ಹಿಡಿದಾಗ ಹೊಲಿಗೆಯ ದಾರ ಗೋಲ್ ಕಂಬದ ಕಡೆಗೆ ತಿರುಗಿರಬೇಕು, ಅದಕ್ಕೆ ಚೆಂಡು ಗಾಳಿಯಲ್ಲಿ ಎಷ್ಟು ಸುತ್ತು ತಿರುಗಬೇಕೋ ಅಷ್ಟೇ ತಿರುಗುವಂತೆ ಕೈ ಪಳಗಬೇಕು. ಈ ಸ್ಥಾನಕ್ಕೆ ಹಿಂದಿನಿಂದಲೂ ಎಷ್ಟೋ ತಂಡಗಳು ವಾಕ್-ಆನ್‌ಗಳನ್ನೇ ನೆಚ್ಚಿಕೊಂಡಿವೆ, ಮತ್ತು 40 ಯಾರ್ಡ್ ಓಟದಲ್ಲಿ ಹಿಂದೆ ಬಿದ್ದವನಿಗೂ ಇಲ್ಲಿ ಜಾಗ ಇದೆ. ನಿಮ್ಮ ಮಗನಿಗೆ ಆಸಕ್ತಿ ಇದ್ದರೆ ಹಿತ್ತಲಲ್ಲಿ 15 ಯಾರ್ಡ್ ಅಳೆದು, ಗೋಡೆಗೆ ಸೊಂಟದೆತ್ತರದಲ್ಲಿ ಒಂದು ಗುರುತು ಹಾಕಿ, ದಿನಾ ಎಸೆಯಲಿ. ಹಿಂದಿನಿಂದಲೂ ಪಕ್ಕದಿಂದಲೂ ವಿಡಿಯೋ ತೆಗೆದು ಒದೆಯುವ ಆಟಗಳನ್ನು ನೋಡಿಕೊಳ್ಳುವ ಸ್ಪೆಷಲ್ ಟೀಮ್ಸ್ ಕೋಚ್‌ಗೆ ಕಳಿಸಲಿ. ಆಗಸ್ಟಿಗೆ ಇನ್ನೂ ಸಮಯ ಇದೆ.