ಪ್ರೆಸ್ಪಾದಲ್ಲಿ ಹೆಜ್ಜಾರ್ಲೆಗಳು ಉಳಿದದ್ದು ಹೇಗೆ

ಡಾಲ್ಮೇಷಿಯನ್ ಹೆಜ್ಜಾರ್ಲೆಗಳು (ಪೆಲಿಕನ್) ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿ ಮರಿ ಮಾಡುವ ಜಾಗವೆಂದು ಹೆಸರಾದದ್ದು ಗ್ರೀಸ್‌ನ ವಾಯವ್ಯ ಮೂಲೆಯ ಕಿರಿಯ ಪ್ರೆಸ್ಪಾ ಸರೋವರ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿ ಎರಡು ಸರೋವರಗಳಿವೆ. ನಡುವೆ ಇರುವುದು ಒಂದು ಸಪೂರ ಮರಳುಪಟ್ಟಿ ಮಾತ್ರ. ಹಿರಿಯ ಪ್ರೆಸ್ಪಾ ಗ್ರೀಸ್, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ ಮೂರಕ್ಕೂ ಸೇರಿದ್ದು. ಕಿರಿಯದರ ಬಹುಪಾಲು ಗ್ರೀಸ್‌ನಲ್ಲಿದೆ, ಬಾಲವಷ್ಟೇ ಅಲ್ಬೇನಿಯಾದಲ್ಲಿ. ಇದನ್ನು ಮನುಷ್ಯ ಮುಟ್ಟದ ಪ್ರಕೃತಿ ಎಂದು ಹೊಗಳುವವರು ಇಲ್ಲಿನ ಪಾಳುಮನೆಗಳನ್ನು ನೋಡಿಲ್ಲ ಎಂದೇ ಅರ್ಥ. ಇಲ್ಲಿ ಜನ ತುಂಬಿದ್ದರು. ಖಾಲಿ ಮಾಡಿಸಿದ್ದು ಯುದ್ಧ, ಖಾಲಿಯಾಗಿಯೇ ಇರಿಸಿದ್ದು ಗಡಿ.

ಹತ್ತನೇ ಶತಮಾನದ ಕೊನೆಯಲ್ಲಿ ಬಲ್ಗೇರಿಯಾದ ದೊರೆ ಸಾಮುಯಿಲ್ ಕಿರಿಯ ಪ್ರೆಸ್ಪಾದ ದ್ವೀಪವೊಂದನ್ನು ತನ್ನ ನೆಲೆ ಮಾಡಿಕೊಂಡಿದ್ದ. ಲಾರಿಸಾ ಪಟ್ಟಣವನ್ನು ಗೆದ್ದಾಗ ಅಲ್ಲಿನ ಸಂತ ಅಖಿಲಿಯೋಸನ ಅಸ್ಥಿಗಳನ್ನು ತಂದು ಇಲ್ಲಿ ದೊಡ್ಡ ಚರ್ಚು ಕಟ್ಟಿಸಿದ. ಅದರ ಗೋಡೆಗಳು ಇಂದಿಗೂ ನಿಂತಿವೆ. ಆಮೇಲೆ ಒಟ್ಟೊಮನ್ನರ ಆಳ್ವಿಕೆ. 1913ರಲ್ಲಿ ಬಾಲ್ಕನ್ ಯುದ್ಧಗಳು ಮುಗಿದಾಗ ಸರೋವರದ ಮೇಲೆ ಗಡಿರೇಖೆ ಬಿತ್ತು. ಗ್ರೀಸ್ ಪಾಲಿಗೆ ಬಂದ ಹಳ್ಳಿಗಳಲ್ಲಿ ಹೆಚ್ಚಿನವರ ಮನೆಮಾತು ಸ್ಲಾವಿಕ್ ಆಗಿತ್ತು. 1920ರ ದಶಕದಲ್ಲಿ ಊರುಗಳಿಗೆಲ್ಲ ಗ್ರೀಕ್ ಹೆಸರಿಟ್ಟರು: ನಿವಿಟ್ಸಿ ಹೋಗಿ ಪ್ಸರಾದೆಸ್ ಆಯಿತು.

1946ರಿಂದ 1949ರವರೆಗಿನ ಗ್ರೀಕ್ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟ್ ಸೇನೆಯ ಕಡೆಯ ಆಸರೆಗಳಲ್ಲಿ ಪ್ರೆಸ್ಪಾವೂ ಒಂದು. ವ್ರೊಂಟೆರೊ ಹಳ್ಳಿಯ ಬಳಿಯ ಕೊಕ್ಕಾಲಿ ಗುಹೆಯೇ ಅವರ ಆಸ್ಪತ್ರೆ. 1948ರಲ್ಲಿ ಗಡಿ ಸೀಮೆಯ ಸಾವಿರಾರು ಮಕ್ಕಳನ್ನು ಪೂರ್ವ ಯುರೋಪಿಗೆ ಸಾಗಿಸಿದರು. 1949ರ ಆಗಸ್ಟ್‌ನಲ್ಲಿ ವಿಟ್ಸಿ ಬೆಟ್ಟ ಸರ್ಕಾರಿ ಸೇನೆಯ ಕೈಸೇರಿತು. ಸೋತವರು ಇದೇ ದಾರಿಯಾಗಿ ಅಲ್ಬೇನಿಯಾಕ್ಕೆ ದಾಟಿದರು, ಅವರೊಂದಿಗೆ ಊರವರೂ ಹೋದರು. ಕೆಲವು ಹಳ್ಳಿಗಳಲ್ಲಿ ಮತ್ತೆ ಒಲೆ ಉರಿಯಲೇ ಇಲ್ಲ. ಇನ್ನು ಕೆಲವಕ್ಕೆ ಸರ್ಕಾರ ವ್ಲಾಕ್ ಕುರಿಗಾಹಿ ಕುಟುಂಬಗಳನ್ನು ತಂದು ಕೂರಿಸಿತು. ಮುಂದೆ ದಶಕಗಳ ಕಾಲ ಇದು ಅನುಮತಿ ಪತ್ರವಿಲ್ಲದೆ ಹೊರಗಿನವರು ಕಾಲಿಡಲಾಗದ ಗಡಿವಲಯ. 1982ರಲ್ಲಿ ನಿರಾಶ್ರಿತರಿಗೆ ಮರಳಲು ಅವಕಾಶ ಸಿಕ್ಕಿತಾದರೂ ಆದೇಶದಲ್ಲಿ 'ಗ್ರೀಕ್ ಮೂಲದವರು' ಎಂಬ ಷರತ್ತಿತ್ತು. ಸ್ಲಾವಿಕ್ ಮ್ಯಾಸಿಡೋನಿಯನ್ ಎಂದು ಗುರುತಿಸಿಕೊಂಡವರಿಗೆ ಬಾಗಿಲು ಮುಚ್ಚಿಯೇ ಇತ್ತು.

ಜನವಿಲ್ಲದ್ದರಿಂದ ಕಾಡು ಹಬ್ಬಿತು, ದೊಡ್ಡ ಕಾರ್ಖಾನೆ ಬರಲಿಲ್ಲ. ಆದರೆ ಹೆಜ್ಜಾರ್ಲೆ ತಾನಾಗಿ ಉಳಿಯಲಿಲ್ಲ. ಮೀನು ಕದಿಯುವ ಹಕ್ಕಿ ಎಂದು ಬೆಸ್ತರು ಅದರ ಗೂಡು ಹಾಳುಮಾಡುತ್ತಿದ್ದರು. 1980ರ ದಶಕದ ಆರಂಭದಲ್ಲಿ ಇನ್ನೂರು ಜೋಡಿಯೂ ಇರಲಿಲ್ಲ. 2010ರ ದಶಕದ ಹೊತ್ತಿಗೆ ಅದು ಸಾವಿರ ದಾಟಿತ್ತು. ಈ ಏರಿಕೆಯ ಹಿಂದೆ ಕಾವಲಿದೆ, ಬೆಸ್ತರೊಂದಿಗಿನ ಮಾತುಕತೆಯಿದೆ, ಜೊತೆಗೆ ಒಂದು ತೂಬಿದೆ.

ತೂಬು ಇರುವುದು ಕೌಲಾ ಎಂಬಲ್ಲಿ, ಎರಡು ಸರೋವರಗಳನ್ನು ಕೂಡಿಸುವ ಕಾಲುವೆಗೆ. ಹಿರಿಯ ಪ್ರೆಸ್ಪಾದ ನೀರು ಸುಣ್ಣಕಲ್ಲಿನ ಬೆಟ್ಟದೊಳಗೆ ಸೋರಿ, ಸುಮಾರು 150 ಮೀಟರ್ ಕೆಳಗಿರುವ ಗಡಿಯಾಚೆಯ ಓಹ್ರಿಡ್ ಸರೋವರ ಸೇರುತ್ತದೆ. ಮಳೆ-ಹಿಮದ ಕೊರತೆಗೆ ನೀರಾವರಿಯೂ ಸೇರಿ ಅದರ ಮಟ್ಟ ದಶಕಗಳಿಂದ ಇಳಿಯುತ್ತಲೇ ಇದೆ. ಹಾಗಾಗಿ ಕಿರಿಯದು ಈಗ ಮೇಲಿದೆ. ತೂಬು ತೆರೆದರೆ ನೀರು ಹಿರಿಯದಕ್ಕೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ನಮ್ಮ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಮರದ ಮೇಲೆ ಗೂಡು ಕಟ್ಟಿದರೆ, ಇಲ್ಲಿನದು ನೀರ ನಡುವಿನ ಜೊಂಡಿನ ದಿಬ್ಬದ ಮೇಲೆ ಕಟ್ಟುತ್ತದೆ. ನೀರು ತೀರ ಇಳಿದರೆ ದಿಬ್ಬ ದಡಕ್ಕೆ ಅಂಟಿಕೊಂಡು ನರಿ, ಕಾಡುಹಂದಿ ನಡೆದೇ ಬರುತ್ತವೆ. ಏರಿದರೆ ತಗ್ಗಿನ ಗೂಡು ಮುಳುಗುತ್ತದೆ, ದಡದ ಬೀನ್ಸ್ ಹೊಲಕ್ಕೂ ನೀರು ನುಗ್ಗುತ್ತದೆ. ವಸಂತದಲ್ಲಿ ದಡದ ಹುಲ್ಲುಗಾವಲು ತೆಳುವಾಗಿ ನೆನೆದಿದ್ದರೆ ಮೀನು ಅಲ್ಲಿ ಮೊಟ್ಟೆಯಿಡುತ್ತದೆ. ಅವಸರದಲ್ಲಿ ನೀರು ಬಿಟ್ಟರೆ ಮೊಟ್ಟೆ ಒಣಗುತ್ತದೆ. 2000ದ ದಶಕದ ಆರಂಭದಲ್ಲಿ ಹಳೆಯ ತೂಬನ್ನು ಹೊಸದಾಗಿ ಕಟ್ಟಿ, ಮಟ್ಟವೆಷ್ಟಿರಬೇಕು ಎಂಬುದನ್ನು ರೈತರು, ಬೆಸ್ತರು, ಸಂರಕ್ಷಕರು ಕೂತು ಮಾತಾಡುವ ಪದ್ಧತಿ ತಂದರು. ಜೊಂಡು ಹುಲ್ಲುಗಾವಲನ್ನು ನುಂಗದಂತೆ ಕೊಯ್ಯುತ್ತಾರೆ, ಎಮ್ಮೆಗಳನ್ನೂ ಮೇಯಿಸುತ್ತಾರೆ.

ಗಡಿಯಾಚೆಯ ಪೆಟ್ಟುಗಳಿಗೆ ತೂಬು ಸಾಲದು. 1970ರ ದಶಕದಲ್ಲಿ ಅಲ್ಬೇನಿಯಾ ದೆವೋಲ್ ನದಿಯನ್ನು ಕಿರಿಯ ಪ್ರೆಸ್ಪಾಗೆ ತಿರುಗಿಸಿ, ಬೇಸಿಗೆಯಲ್ಲಿ ನೀರನ್ನು ಕೊರ್ಚಾ ಬಯಲಿಗೆ ಎತ್ತತೊಡಗಿತು. ನದಿಯ ಹೂಳು ತುಂಬಿ ಆ ಕಡೆಯ ಭಾಗ ಜೊಂಡುಗದ್ದೆಯಾಯಿತು. 2000ದ ಫೆಬ್ರವರಿಯಲ್ಲಿ ಮೂರು ದೇಶಗಳ ಪ್ರಧಾನಿಗಳು ಇಡೀ ಪ್ರದೇಶವನ್ನು ಜಂಟಿ ಉದ್ಯಾನವೆಂದು ಸಾರಿದ್ದು ಇಂಥ ಅನುಭವದ ಮೇಲೆಯೇ. 2022ರ ಹಕ್ಕಿಜ್ವರವಂತೂ ಯಾವ ಗಡಿಯನ್ನೂ ಕೇಳಲಿಲ್ಲ: ಪ್ರೆಸ್ಪಾದಲ್ಲೇ 1,700ಕ್ಕೂ ಹೆಚ್ಚು ಡಾಲ್ಮೇಷಿಯನ್ ಹೆಜ್ಜಾರ್ಲೆಗಳು ಸತ್ತವು. ಒಂದೇ ಜಾಗದಲ್ಲಿ ಇಷ್ಟು ಹಕ್ಕಿ ಒತ್ತೊತ್ತಾಗಿ ಗೂಡು ಕಟ್ಟುವುದರ ಅಪಾಯ ಅದು.

2018ರ ಜೂನ್ 17ರಂದು ಪ್ಸರಾದೆಸ್ ದಡದಲ್ಲಿ ಸಹಿಯಾದ 'ಪ್ರೆಸ್ಪಾ ಒಪ್ಪಂದ'ದಿಂದ ನೆರೆದೇಶದ ಹೆಸರು ಉತ್ತರ ಮ್ಯಾಸಿಡೋನಿಯಾ ಆಯಿತು. ಪ್ರೆಸ್ಪಾ ಹೆಸರು ಜಗತ್ತಿಗೆ ತಿಳಿದದ್ದು ಆಗಲೇ.

ಹೋಗುವವರು ಥೆಸಲೊನಿಕಿಯಿಂದ ಸುಮಾರು 160 ಕಿ.ಮೀ. ದೂರದ ಫ್ಲೋರಿನಾ ತಲುಪಿ, ಅಲ್ಲಿಂದ ಪಿಸೊದೇರಿ ಘಾಟಿ ಹತ್ತಬೇಕು. ಘಾಟಿ 1,400 ಮೀಟರಿಗೂ ಎತ್ತರ. ಚಳಿಗಾಲದಲ್ಲಿ ಚಕ್ರಕ್ಕೆ ಸರಪಳಿ ಬೇಕು, ಮುಸ್ಸಂಜೆಯಲ್ಲಿ ಕರಡಿ ಅಡ್ಡ ಬರಬಹುದು. ಪೆಟ್ರೋಲನ್ನು ಫ್ಲೋರಿನಾದಲ್ಲೇ ತುಂಬಿಸಿಕೊಳ್ಳುವುದು ಜಾಣತನ. ಹಕ್ಕಿ ನೋಡಲು ಮಾರ್ಚ್‌ನಿಂದ ಜೂನ್ ಒಳ್ಳೆಯದು. ದಡದ ಗುಡ್ಡದಿಂದ ದೂರದರ್ಶಕ ಹಿಡಿದು ನೋಡಿ. ಹತ್ತಿರ ಹೋದರೆ ತಾಯಿ ಎದ್ದು ಹಾರಿ ಮೊಟ್ಟೆ ತಣ್ಣಗಾಗುತ್ತದೆ. ಸಾಮುಯಿಲನ ದ್ವೀಪಕ್ಕೆ ಸುಮಾರು 650 ಮೀಟರಿನ ತೇಲುವ ಕಾಲ್ಸೇತುವೆಯಿದೆ. ಪ್ಸರಾದೆಸ್‌ನಿಂದ ದೋಣಿಯಲ್ಲಿ ಹೋದರೆ ಬಂಡೆಯ ಗವಿಯೊಳಗಿನ ಹದಿನೈದನೇ ಶತಮಾನದ ಪನಾಯಿಯಾ ಎಲೆಊಸಾ ಚರ್ಚು ಸಿಗುತ್ತದೆ, ಗಾಳಿ ಎದ್ದ ದಿನ ದೋಣಿ ಬಿಡುವುದಿಲ್ಲ. ಶರತ್ಕಾಲದಲ್ಲಿ ಹೋದವರು ಭೌಗೋಳಿಕ ಸೂಚಿಕೆ ಪಡೆದ ಇಲ್ಲಿನ ಭಾರಿ ಗಾತ್ರದ ಬಿಳಿ ಬೀನ್ಸ್ ಕಾಳು ಕೊಳ್ಳಬಹುದು.

ಓಹ್ರಿಡ್‌ಗೂ ಹೋಗಿ ಮರಳುವ ಯೋಚನೆಯಿದ್ದರೆ ಒಂದೇ ಪ್ರವೇಶದ ಶೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ) ಸಾಲದು, ಗ್ರೀಸ್‌ನಿಂದ ಹೊರಬಿದ್ದ ಕೂಡಲೇ ಅದು ಮುಗಿಯುತ್ತದೆ. ಬಹುಪ್ರವೇಶದ ವೀಸಾ ಕೇಳಿ. ಬಾಡಿಗೆ ಕಾರನ್ನು ಗಡಿ ದಾಟಿಸಲು ಕಂಪನಿಯ ಲಿಖಿತ ಒಪ್ಪಿಗೆ ಮತ್ತು ಹೊರದೇಶಕ್ಕೂ ಅನ್ವಯಿಸುವ ವಿಮೆ ಪತ್ರ ಬೇಕು. ಇವನ್ನು ಥೆಸಲೊನಿಕಿಯಲ್ಲಿ ಕಾರು ಪಡೆಯುವಾಗಲೇ ಬರೆಸಿಕೊಳ್ಳಿ.